ಗುಡ್ಡದ ಬರಹ, ಸಾಲಿಯ ಪುಸ್ತಕ

(ಮಸ್ಕಿ ಸೀಮೆಯ ಒಂದು ಪ್ರೌಢಶಾಲೆಯ ಅಂಗಳದಲ್ಲಿ ಮಕ್ಕಳು, ಪಾಲಕರು ಮತ್ತು ಹಳೆಯ ವಿದ್ಯಾರ್ಥಿಗಳ ಎದುರು ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ಒಂಬತ್ತನೇ ತರಗತಿಯ ಕೋಣೆಯಲ್ಲಿ ಬಲಗಡೆ ಕಿಟಕಿ ಇದೆಯಲ್ಲ, ಅದರ ಹತ್ತಿರ ಕೂತವರಿಗೆ ಮಸ್ಕಿ ಗುಡ್ಡ ಕಾಣುತ್ತದೆ. ಮಳೆ ಬಂದು ಹೋದ ಮರುದಿನವಂತೂ ಬಂಡೆ ಬಂಡೆಯೂ ಬಿಡಿಸಿಟ್ಟ ಹಾಗೆ ಕಾಣುತ್ತದೆ. ನಾನು ಅದೇ ಕೋಣೆಯಲ್ಲಿ ಕಲಿತೆ, ಮುಂದೆ ಅದೇ ಕೋಣೆಯಲ್ಲಿ ಕಲಿಸಿದೆ. ಕಲಿಯುವಾಗ ನಮಗೆ ಅಶೋಕನ ಪಾಠ ಇತ್ತು. ಪಾಟಲಿಪುತ್ರ, ಕಳಿಂಗ, ಸಾಂಚಿ, ಸಾರನಾಥ ಎಲ್ಲ ಮುಗಿದ ಮೇಲೆ ಕೊನೆಗೆ ಮಸ್ಕಿಯ ಹೆಸರು ಒಂದು ಸಾಲಿನಲ್ಲಿ ಬರುತ್ತಿತ್ತು. ಆ ಸಾಲನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಒಂದು ಅಂಕ ತೆಗೆದುಕೊಂಡೆವು. ಸಂತೆಗೆ ಹೋಗುವ ಮಸ್ಕಿ ಬೇರೆ, ಪುಸ್ತಕದ ಮಸ್ಕಿ ಬೇರೆ ಅಂತಲೇ ನಮ್ಮ ತಲೆಯಲ್ಲಿತ್ತು. ನಮ್ಮನ್ನು ಯಾರೂ ಆ ಬಂಡೆಯ ತನಕ ಕರೆದುಕೊಂಡು ಹೋಗಲಿಲ್ಲ. ನಾನು ಮೊದಲ ಸಲ ಅದನ್ನು ಕಂಡದ್ದು ಸೀತಾಫಲಕ್ಕೆ ಅಂತ ಗುಡ್ಡ ಹತ್ತಿದಾಗ.

ನಮ್ಮ ಅಜ್ಜಿ ಒಂದು ಮಾತು ಹೇಳುತ್ತಿದ್ದಳು: “ಆ ಕಲ್ಲಿನ ಮ್ಯಾಲೆ ಬರದದ್ದು ಓದಿದವಗ ಹೊನ್ನಿನ ಕೊಪ್ಪರಿಗಿ ಸಿಗತೈತಿ.” ಗೊತ್ತಿಲ್ಲದ ಅಕ್ಷರ ಕಂಡಲ್ಲೆಲ್ಲ ನಮ್ಮ ಜನ ನಿಧಿ ಇದೆ ಅಂದುಕೊಳ್ಳುತ್ತಾರೆ. ಆದರೆ ಮಸ್ಕಿಯ ವಿಷಯದಲ್ಲಿ ಅಜ್ಜಿಯ ಮಾತಿಗೂ ನಡೆದ ಸಂಗತಿಗೂ ಒಂದು ನಂಟಿದೆ. ಈ ಶಾಸನವನ್ನು 1915ರಲ್ಲಿ ಹೊರಜಗತ್ತಿಗೆ ತಿಳಿಸಿದವರು ಸಿ. ಬೀಡನ್ ಎಂಬ ಗಣಿ ಎಂಜಿನಿಯರು. ನಿಜಾಮರ ಸೀಮೆಯಲ್ಲಿ ಬಂಗಾರದ ಅದಿರು ಹುಡುಕುತ್ತ ಬಂದವರು ಅವರು. ಹಟ್ಟಿ ನಮ್ಮ ಸೀಮೆಯಲ್ಲೇ ಇದೆ. ಅಲ್ಲಿ ನೂರಾರು ಅಡಿ ಆಳಕ್ಕೆ ಇಳಿದ ಪುರಾತನ ಗಣಿಗಳಿವೆ. ಹಾಗೆ ಹುಡುಕುತ್ತ ಬಂದವರ ಕಣ್ಣಿಗೆ ಗುಡ್ಡದ ಬಂಡೆಯೊಂದರ ಮೇಲೆ ಸಾಲು ಸಾಲು ಗೀರು ಬಿತ್ತು. ಆಗ ಪುರಾತತ್ವ ಇಲಾಖೆಯಲ್ಲಿದ್ದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಅದರಲ್ಲಿ ಅಂಥದ್ದೇನಿತ್ತು? ಮಕ್ಕಳೇ, ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜೇಮ್ಸ್ ಪ್ರಿನ್ಸೆಪ್ ಅನ್ನುವವರು ಕಲ್ಕತ್ತದಲ್ಲಿ ಕೂತು 1837ರ ಹೊತ್ತಿಗೆ ಬ್ರಾಹ್ಮೀ ಲಿಪಿಯ ಗಂಟು ಬಿಚ್ಚಿದರು. ಕಂಬದ ಮೇಲಿನ, ಬಂಡೆಯ ಮೇಲಿನ ಬರಹಗಳೆಲ್ಲ ಮಾತಾಡತೊಡಗಿದವು. ಆದರೆ ಮಾತಾಡುವ ರಾಜ ತನ್ನನ್ನು ‘ದೇವಾನಾಂಪಿಯ ಪಿಯದಸಿ’ ಅಂತ ಕರೆದುಕೊಳ್ಳುತ್ತಾನೆ. ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು ಅಂತ ಅರ್ಥ. ಯಾರೀತ? ಪ್ರಿನ್ಸೆಪ್ ಮೊದಲು ಸಿಂಹಳದ ರಾಜ ಇರಬಹುದು ಅಂದುಕೊಂಡರು. ಸಿಂಹಳದ ಪಾಲಿ ಗ್ರಂಥಗಳನ್ನು ಓದಿದ್ದ ಟರ್ನರ್, ಈ ಪಿಯದಸಿ ಅಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಅಂತ ತೋರಿಸಿದರು. ವಿದ್ವಾಂಸರು ಒಪ್ಪಿದರು. ಆದರೂ ಶಾಸನದ ಬಾಯಿಂದಲೇ ಆ ಹೆಸರು ಬಂದಿರಲಿಲ್ಲ. ಅದಾದ ಮುಕ್ಕಾಲು ಶತಮಾನದ ಮೇಲೆ ನಮ್ಮ ಗುಡ್ಡದ ಬಂಡೆ ಮೊದಲ ಸಾಲಿನಲ್ಲೇ ಹೇಳಿತು: ‘ದೇವಾನಂಪಿಯಸ ಅಸೋಕಸ.’ ದೇವಾನಾಂಪ್ರಿಯನಾದ ಅಶೋಕನದು, ಈ ಮಾತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ಕೂಡ ಹೆಸರು ಸಿಕ್ಕಿತು. ಮೊದಲು ಸಿಕ್ಕದ್ದು ಇಲ್ಲಿ.

‘ಅಸೋಕಸ’ ಅನ್ನುವ ನಾಲ್ಕಕ್ಷರದಲ್ಲಿ ‘ಕ’ ಯಾವುದು ಗೊತ್ತೇ? ಗಣಿತದಲ್ಲಿ ನೀವು ಹಾಕುವ ಕೂಡಿಸುವ ಚಿಹ್ನೆ. ಒಂದು ಉದ್ದಗೆರೆ, ಒಂದು ಅಡ್ಡಗೆರೆ, ಅಷ್ಟೇ. ಸೀತಾಫಲಕ್ಕೆ ಹೋದ ದಿನ ನನಗೆ ಆ ಬಂಡೆಯ ಮೇಲೆ ಗುರುತು ಹತ್ತಿದ್ದು ಅದೊಂದೇ. ಯಾರೋ ಕುರಿಗಾರ ಲೆಕ್ಕ ಹಾಕಿದ್ದಾನೆ ಅಂದುಕೊಂಡೆ. ಮುಂದೆ ಮಾಸ್ತರಿಕೆಗೆ ಸೇರಿದ ಮೇಲೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಆ ಚಿಹ್ನೆ ಬರೆದು, “ಇದೇನು?” ಅಂತ ಕೇಳುತ್ತಿದ್ದೆ. “ಕೂಡಿಸೋದು ಸರ್” ಅನ್ನುತ್ತಿದ್ದರು. “ಇದು ನಿಮ್ಮ ಕಮಲದ ಕ, ಕರಿಯಪ್ಪನ ಕ” ಅನ್ನುತ್ತಿದ್ದೆ. ಆಮೇಲೆ ಒಂದರ ಪಕ್ಕ ಒಂದು ಬರೆಯುತ್ತ ಹೋಗುತ್ತಿದ್ದೆ. ಅಡ್ಡಗೆರೆಯ ತುದಿಗಳು ಕೆಳಕ್ಕೆ ಬಾಗುತ್ತವೆ, ಕದಂಬರ ಕಾಲ. ಬಾಗಿದ್ದು ದುಂಡಗಾಗುತ್ತದೆ, ಚಾಲುಕ್ಯರ ಕಾಲ. ತಲೆಗೆ ಕಟ್ಟು ಬರುತ್ತದೆ, ಹೊಟ್ಟೆ ಸುತ್ತಿಕೊಳ್ಳುತ್ತದೆ, ಕೊನೆಗೆ ಇವತ್ತಿನ ಕ. ಹಲಗೆಯ ಈ ತುದಿಯಿಂದ ಆ ತುದಿಗೆ ಬರುವಷ್ಟರಲ್ಲಿ ಎರಡು ಸಾವಿರದ ಮುನ್ನೂರು ವರ್ಷ ಆಗಿರುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಕೂಡ ಸುಮ್ಮನೆ ನೋಡುತ್ತಿದ್ದರು. ನಾನು ಕಲಿಸಿದ ಪಾಠಗಳಲ್ಲಿ ನನಗೆ ತೃಪ್ತಿ ಕೊಟ್ಟದ್ದು ಇದು.

ಈಗ ಆ ಬಂಡೆ ಏನು ಹೇಳುತ್ತದೆ ನೋಡೋಣ. ಯುದ್ಧ ಗೆದ್ದೆ, ಊರು ದಾನ ಕೊಟ್ಟೆ ಅಂತ ಇಲ್ಲ. ನಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷದ ಮೇಲಾಯಿತು, ಸಂಘದ ಹತ್ತಿರ ಹೋದ ಮೇಲೆ ಮನಸ್ಸಿಟ್ಟು ದುಡಿದೆ ಅನ್ನುತ್ತಾನೆ. ಇದೇ ಒಕ್ಕಣೆಯ ಬೇರೆ ಊರಿನ ಪ್ರತಿಗಳಲ್ಲಿ, ಮೊದಲ ಒಂದು ವರ್ಷ ನಾನು ಅಷ್ಟೇನೂ ಶ್ರಮಪಡಲಿಲ್ಲ ಅಂತ ಚಕ್ರವರ್ತಿ ತಾನೇ ಒಪ್ಪಿಕೊಳ್ಳುತ್ತಾನೆ. ಆಮೇಲೆ ಬರುವ ಮಾತು ನನಗೆ ಬಹಳ ಮುಖ್ಯ. ಈ ಗುರಿ ದೊಡ್ಡವರಿಗೆ ಮಾತ್ರ ಸಿಗುತ್ತದೆ ಅಂತ ತಿಳಿಯಬೇಡಿ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಸಿಗುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಅನ್ನುತ್ತಾನೆ. ಸಣ್ಣವನು ಅನ್ನುವುದಕ್ಕೆ ಅಲ್ಲಿರುವ ಪದ ‘ಖುದಕ’. ಸಂಸ್ಕೃತದ ಕ್ಷುದ್ರಕ. ಈ ನೆಲದಲ್ಲಿ ನಮಗೆ ಸಿಕ್ಕಿರುವ ಮೊಟ್ಟಮೊದಲ ಬರಹಗಳಲ್ಲೊಂದು ಸಣ್ಣವರನ್ನು ನೆನೆಯುತ್ತದೆ. ಇದನ್ನು ಓದಿದಾಗಲೆಲ್ಲ ನನ್ನ ಎದುರು ಕೂತ ಮಕ್ಕಳ ಮುಖ ಕಣ್ಣಿಗೆ ಕಟ್ಟುತ್ತದೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ ಇನ್ನಷ್ಟು ಇದೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು. ಅದನ್ನು ಕೆತ್ತಿದ ಲಿಪಿಕಾರ ತನ್ನ ಹೆಸರನ್ನೂ ಹಾಕಿದ್ದಾನೆ, ಚಪಡ ಅಂತ. ಕೊನೆಯ ಪದವನ್ನು ಮಾತ್ರ ವಾಯವ್ಯ ದಿಕ್ಕಿನ ಸೀಮೆಯಲ್ಲಿ ನಡೆಯುತ್ತಿದ್ದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಂದ ಎಲ್ಲಿಗೆ ಬಂದಿದ್ದನೋ ಆ ಮನುಷ್ಯ!

ಅಷ್ಟು ದೂರದಿಂದ ಇಲ್ಲಿಗೇ ಯಾಕೆ ಬಂದರು? ಕೊಪ್ಪಳದಲ್ಲಿ ಗವಿಮಠದ ಗುಡ್ಡದ ಮೇಲೆ ಒಂದು ಶಾಸನ, ಅಲ್ಲಿಂದ ಕಾಣುವ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡನ್ನು ನೀವು ನೋಡಬೇಕು, ಬಂಡೆಗಳ ಮೇಲೆ ಹಾಸುಬಂಡೆ ಕೂತು ದೂರಕ್ಕೆ ಪಲ್ಲಕ್ಕಿಯ ಹಾಗೇ ಕಾಣುತ್ತದೆ. ಸಿರುಗುಪ್ಪ ಕಡೆ ನಿಟ್ಟೂರು, ಉಡೇಗೋಳ. ಮಸ್ಕಿ ಸೇರಿ ನಮ್ಮ ಮೂರು ಜಿಲ್ಲೆಗಳಲ್ಲೇ ಐದು ಕಡೆ ಅಶೋಕ ಮಾತಾಡಿದ್ದಾನೆ. ಬ್ರಹ್ಮಗಿರಿಯ ಶಾಸನ ‘ಸುವರ್ಣಗಿರಿ’ ಎಂಬ ಊರಿಂದ ರಾಜಕುಮಾರನ ಆಜ್ಞೆ ಹೊರಟಿತು ಅನ್ನುತ್ತದೆ. ಆ ಸುವರ್ಣಗಿರಿ ನಮ್ಮ ಕನಕಗಿರಿ ಅನ್ನುವವರಿದ್ದಾರೆ, ಮಸ್ಕಿ ಅನ್ನುವವರಿದ್ದಾರೆ, ಕರ್ನೂಲು ಕಡೆಯ ಜೊನ್ನಗಿರಿ ಅನ್ನುವವರೂ ಇದ್ದಾರೆ. ಯಾವುದಾದರೂ ಇರಲಿ, ಹೆಸರಿನಲ್ಲೇ ಬಂಗಾರ ಇದೆ. ಬಂಗಾರಕ್ಕಾಗಿ ಬಂದವರು ಬರಹ ಬಿಟ್ಟು ಹೋದರು ಅಂತ ನಾನು ತಿಳಿದಿದ್ದೇನೆ.

ಬರಹಕ್ಕಿಂತ ಹಿಂದೆಯೂ ಇಲ್ಲಿ ಊರಿತ್ತು. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲೇ ಮಸ್ಕಿಗೆ ಬಂದು ಕಲ್ಲಿನ ಉಪಕರಣಗಳನ್ನು ಗುರುತಿಸಿದರು. 1954ರಲ್ಲಿ ಬಿ.ಕೆ. ಥಾಪರ್ ಅವರ ನೇತೃತ್ವದಲ್ಲಿ ಅಗೆತ ಆಯಿತು. ಕಲ್ಲಿನ ಅಲಗು ಮತ್ತು ತಾಮ್ರ ಬಳಸಿದವರ ಪದರ ತಳದಲ್ಲಿ, ಅದರ ಮೇಲೆ ಕಬ್ಬಿಣ ಬಳಸಿ ದೊಡ್ಡ ಕಲ್ಲಿನ ಗೋರಿ ಕಟ್ಟಿದವರ ಪದರ, ಅದರ ಮೇಲೆ ಶಾತವಾಹನರ ಕಾಲದ್ದು. ನೀವು ಹೊಲ ಹರಗುವಾಗ ಕುಂಟೆಗೆ ತಾಗುವ ಬೋಕಿಚೂರುಗಳು ಆ ಮನೆಗಳ ಗಡಿಗೆ ಮಡಕೆಗಳವು.

ಒಂದು ಸಲ ಎಂಟನೇ ತರಗತಿಯ ಹುಡುಗಿಯೊಬ್ಬಳು ಸೆರಗಿನ ಗಂಟಿನಲ್ಲಿ, ಅಂದರೆ ಅವಳ ಅವ್ವನ ಸೆರಗಿನಿಂದ ಬಿಚ್ಚಿಸಿಕೊಂಡು, ಒಂದು ಮಣಿ ತಂದಿದ್ದಳು. ಜೋಳದ ಕಾಳಿನಷ್ಟು ದಪ್ಪ, ದಾಳಿಂಬೆ ಬೀಜದ ಬಣ್ಣ. ಅವ್ವ ಕಳೆ ತೆಗೆಯುವಾಗ ಮಣ್ಣಿನಲ್ಲಿ ಹೊಳೆದಿತ್ತಂತೆ. ಬಿಸಿಲಿಗೆ ಹಿಡಿದರೆ ಒಳಗೆ ಕೆಂಪು ಬೆಳಕು. ಎರಡೂ ಕಡೆಯಿಂದ ಕೊರೆದ ತೂತು ನಡುವೆ ಬಂದು ಕೂಡಿತ್ತು, ಕೂಡಿದ ಜಾಗದಲ್ಲಿ ಕೂದಲೆಳೆಯಷ್ಟು ಸೊಟ್ಟ. ಆ ಸೊಟ್ಟವನ್ನು ತೋರಿಸಿ ನಾನು ಇಡೀ ಒಂದು ತಾಸು ಪಾಠ ಮಾಡಿದೆ. ಗಟ್ಟಿ ಕಲ್ಲಿಗೆ ಇಷ್ಟು ಸಣ್ಣ ತೂತು ಕೊರೆಯಲು ಎಷ್ಟು ದಿನ ಕೂತಿರಬೇಕು, ಕೈ ಎಷ್ಟು ಪಳಗಿರಬೇಕು! ಪಾಲಕರಿಗೆ ಒಂದು ಮಾತು: ಇಂಥದ್ದು ಸಿಕ್ಕರೆ ಮಾರಬೇಡಿ, ಒಡೆಯಬೇಡಿ. ಎಲ್ಲಿ, ಯಾವ ಹೊಲದ ಯಾವ ಬದುವಿನ ಹತ್ತಿರ ಸಿಕ್ಕಿತು ಅಂತ ಬರೆದಿಟ್ಟು ಸಾಲಿಗೆ ತಿಳಿಸಿ, ಇಲಾಖೆಯವರಿಗೆ ಮುಟ್ಟಿಸೋಣ. ಸಿಕ್ಕ ಜಾಗ ಮರೆತರೆ ಮಣಿಯ ಅರ್ಧ ಕತೆ ಹೋಯಿತು.

ರಾಜರ ಕಾಳಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೋಳರ ರಾಜೇಂದ್ರನೂ ಚಾಲುಕ್ಯರ ಜಯಸಿಂಹನೂ ಕಾದಿದ ಮುಶಂಗಿ ನಮ್ಮ ಮಸ್ಕಿಯೇ ಅಂತ ಹೇಳುತ್ತಾರೆ. ಕೃಷ್ಣೆ, ತುಂಗಭದ್ರೆ ನಡುವಿನ ಈ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ನೂರಾರು ವರ್ಷ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. ಇಷ್ಟು ನಿಮ್ಮ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ರಾಯಚೂರಿಗೆ ಹೋದಾಗ ನೋಡಿ. ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ, ಕಾಕತೀಯರ ಕಾಲದ್ದು, 1294ರ ಶಾಸನ ಇರುವ ಕಲ್ಲು. ಅದರ ಹತ್ತಿರವೇ ಗೋಡೆಯ ಮೇಲೆ, ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಜಾನುವಾರುಗಳ ಸಾಲು ಎಳೆಯುವುದನ್ನು, ಜನ ಗಾಲಿಗೆ ಮೀಟುಗೋಲು ಕೊಡುವುದನ್ನು ಗೀಚಿದ್ದಾರೆ. ಕೋಟೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ. ಕಲ್ಲು ಎಳೆದವರ ಹೆಸರಿಲ್ಲ, ಅವರ ಚಿತ್ರವಾದರೂ ಇದೆ.

ಇನ್ನು ಸಾಲಿಯ ಮಾತಿಗೆ ಬರುತ್ತೇನೆ. ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಅಕ್ಷರ ಸಿಗುತ್ತಿದ್ದದ್ದು ಐಗಳ ಮಠದಲ್ಲಿ. ನೆಲದ ಮೇಲೆ ಉಸುಕು ಹರವಿ ಬೆರಳಿಂದ ತಿದ್ದುವುದು. ಕೈ ತಪ್ಪಿದರೆ ಅಳಿಸಿ ಮತ್ತೆ ತಿದ್ದುವುದು. ಅದೂ ಎಲ್ಲ ಜಾತಿಯ ಮಕ್ಕಳಿಗೆ ಇರಲಿಲ್ಲ, ಹೆಣ್ಣುಮಕ್ಕಳಿಗೆ ಅಂತೂ ಇರಲೇ ಇಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ಹೈಸ್ಕೂಲು ಅಂದರೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಕಲಿಸಿತು. ಮನೆಯಲ್ಲಿ ಕನ್ನಡ ಆಡುವ ಹುಡುಗ ಸಾಲಿಗೆ ಹೋದರೆ ಮೊದಲು ಭಾಷೆ ಕಲಿಯಬೇಕು, ಆಮೇಲೆ ಪಾಠ. ಎಷ್ಟೋ ಜನರಿಗೆ ಆ ಮೊದಲ ಹೊಸ್ತಿಲೇ ದಾಟಲಾಗಲಿಲ್ಲ. ಅಂಥ ದಿನಗಳಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಹಮ್‌ದರ್ದ್ ಅಂದರೆ ಜೊತೆಗೆ ನೋಯುವವನು. ಒಂದು ಸಾಲಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ.

ಉರ್ದುವಿನ ಮೇಲೆ ನನಗೆ ಬೇಸರವಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಅಪ್ಪ ಸಾಯುವ ತನಕ ಉರ್ದುವಿನಲ್ಲೇ ಸಹಿ ಹಾಕಿದರು, ಬಲದಿಂದ ಎಡಕ್ಕೆ, ಬಹಳ ಚೆಂದ. ನನಗೆ ಬೀಜಗಣಿತ ಕಲಿಸಿದ ಮಾಸ್ತರರ ಮನೆಮಾತು ಉರ್ದು. ನಮ್ಮ ದಫ್ತರ, ಜಮಾಬಂದಿ, ಹಾಜರಿ ಎಲ್ಲ ಆ ದಾರಿಯಿಂದ ಬಂದ ಮಾತುಗಳು, ಈಗ ಅವು ನಮ್ಮವೇ. ಬೇಸರ ಇರುವುದು ಮಗುವಿನ ಬಾಯಿಯ ಮಾತನ್ನು ಸಾಲಿ ಹೊರಗೆ ನಿಲ್ಲಿಸಿದ್ದಕ್ಕೆ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ನಮ್ಮ ಪ್ರೌಢಶಾಲೆಯಂಥವು ಈ ಸೀಮೆಯ ಹಳ್ಳಿಗಳಲ್ಲಿ ಹುಟ್ಟಿಕೊಂಡದ್ದು ಅದರ ಮುಂದಿನ ದಿನಗಳಲ್ಲಿ.

ನಿಮ್ಮ ಎದುರು ಈ ಮೇಜಿನ ಮೇಲೆ ಇರುವ ದೊಡ್ಡ ಪುಸ್ತಕ ನಮ್ಮ ಸಾಲಿಯ ದಾಖಲಾತಿ ಪುಸ್ತಕ. ಮುಖ್ಯ ಗುರುಗಳ ಅಪ್ಪಣೆ ಪಡೆದು ತರಿಸಿದ್ದೇನೆ. ರಟ್ಟಿನ ಬೆನ್ನಿಗೆ ಖಾದಿ ಬಟ್ಟೆ ಅಂಟಿಸಿದ್ದು ನಾನೇ. ಬೂದಿ ಬಣ್ಣದ ಹಾಳೆ, ನೀಲಿ ಶಾಯಿ, ಎಲ್ಲೆಲ್ಲಿ ಮಳೆಗಾಲದ ಸೋರಿಕೆ ತಾಗಿದೆಯೋ ಅಲ್ಲಿ ಶಾಯಿ ಹರಡಿ ಮೋಡದ ಹಾಗೆ ಆಗಿದೆ. ಗುಡ್ಡದ ಬಂಡೆಯಷ್ಟೇ ಜೋಪಾನವಾಗಿ ಇದನ್ನು ಓದಬೇಕು ಅನ್ನುವುದು ನನ್ನ ಮಾತು. ಊರಿನ ಇತಿಹಾಸ ಇದರಲ್ಲಿದೆ.

ಹುಟ್ಟಿದ ದಿನದ ಕಲಂ ನೋಡಿ. ಜೂನ್ 1, ಜೂನ್ 1, ಜೂನ್ 1. ಹಾಳೆ ತಿರುವಿದರೂ ಜೂನ್ 1. ಊರಿನ ಮಕ್ಕಳೆಲ್ಲ ಒಂದೇ ದಿನ ಹುಟ್ಟಿಲ್ಲ. ಅವ್ವಂದಿರಿಗೆ ಹುಣ್ಣಿಮೆ, ಅಮಾವಾಸ್ಯೆ, ಮಳೆಯ ನಕ್ಷತ್ರ ನೆನಪಿತ್ತು. “ರೋಣಿ ಮಳಿ ಆದ ಮೂರು ದಿನಕ್ಕ ಹಡದೀನ್ರಿ” ಅಂದರೆ ಮಾಸ್ತರರಿಗೆ ತಾರೀಖು ಬೇಕು. ಸಾಲಿ ಶುರುವಾಗುವ ತಿಂಗಳಿಗೆ ಲೆಕ್ಕ ಹೊಂದಿಸಿ ಜೂನ್ 1 ಬರೆದರು. ನಿಮ್ಮ ಅಜ್ಜ, ಅಪ್ಪಂದಿರ ಹುಟ್ಟುಹಬ್ಬದ ಗುಟ್ಟು ಇದು.

ಮುಂದೆ ‘ಶಾಲೆ ಬಿಟ್ಟ ಕಾರಣ’ ಅನ್ನುವ ಕಲಂ ಇದೆ. ಅಲ್ಲಿ ‘ದೀರ್ಘ ಗೈರುಹಾಜರಿ’ ಅಂತ ಇದ್ದರೆ ಸಾಕು, ನನಗೆ ಆ ಮನೆಯ ಬಾಗಿಲಿಗೆ ಹಾಕಿದ ಬೀಗ ಕಾಣುತ್ತದೆ. 1972ರ ಬರದ ಹಾಳೆಗಳಲ್ಲಿ ಆ ಮಾತು ಮತ್ತೆ ಮತ್ತೆ ಬಂದಿದೆ. ಗುಳೆ ಹೋದವರು ಅವರು. ಕಾಲುವೆ ನೀರು ಮುಟ್ಟಿದ ಕಡೆ ಬೇರೆ ಕತೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು ಕಡೆ ಹರಿದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳಾದವು, ಅಲ್ಲಿನ ಸಾಲಿಗಳ ಪುಸ್ತಕಗಳಲ್ಲಿ ತೆಲುಗು ಮನೆತನದ ಹೆಸರುಗಳು ಸೇರಿದವು. ಪೂರ್ವ ಬಂಗಾಳದಿಂದ ದಿಕ್ಕೆಟ್ಟು ಬಂದವರಿಗೆ ಅಲ್ಲೇ ಆರ್.ಎಚ್. ಅನ್ನುವ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು, ಅವರ ಮಕ್ಕಳು ಕನ್ನಡ ಕಲಿತರು. ನಮ್ಮ ಕಡೆಯ ಎರಿ ಹೊಲಗಳು ಮಳೆಯನ್ನೇ ನಂಬಿದವು, ಹೀಗಾಗಿ ಇಲ್ಲಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವ ಬಸ್ಸು ಇವತ್ತಿಗೂ ತುಂಬಿರುತ್ತದೆ.

ನಾನು ಓದುವಾಗ ನಮ್ಮ ತರಗತಿಯಲ್ಲಿ ಮೂವರೇ ಹುಡುಗಿಯರು. ಹತ್ತನೇ ತರಗತಿಗೆ ಬಂದವಳು ಒಬ್ಬಳು. ನಾನು ಮಾಸ್ತರನಾದ ಮೇಲೂ ದೀಪಾವಳಿ ಹತ್ತಿರ ಬಂತೆಂದರೆ ಹುಡುಗಿಯರ ಸಾಲು ಖಾಲಿ ಆಗುತ್ತಿತ್ತು. ಹತ್ತಿ ಬೀಜದ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳೇ ಬೇಕು ಅಂತ ಅವರನ್ನು ಕರೆದೊಯ್ಯುತ್ತಿದ್ದರು. ಮನೆಮನೆಗೆ ಹೋಗಿ ಕೇಳಿದ್ದೇನೆ. ಒಬ್ಬ ತಾಯಿ, “ಸರ್, ಸಾಲಿ ಅಕಿಗೆ ಊಟ ಹಾಕತೈತೇನ್ರಿ?” ಅಂದಳು. ನನಗೆ ಉತ್ತರ ಬರಲಿಲ್ಲ. ಮುಂದೆ 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲೇ ಮೊದಲು ಬಿಸಿಯೂಟ ಶುರುವಾಯಿತು, ಕೆಲ ವರ್ಷಕ್ಕೆ ಪ್ರೌಢಶಾಲೆಗೂ ಬಂತು. 2006ರಿಂದ ಎಂಟನೇ ತರಗತಿಗೆ ಸೈಕಲ್ಲು ಬಂತು. ಆ ಎರಡು ಬಂದ ಮೇಲಿನ ಹಾಳೆಗಳನ್ನು ತಿರುವಿ ನೋಡಿ, ಹುಡುಗಿಯರ ಹೆಸರಿನ ಎದುರು ಗೈರುಹಾಜರಿ ಅನ್ನುವ ಮಾತು ತೆಳುವಾಗುತ್ತ ಬರುತ್ತದೆ. ಆ ತಾಯಿಯ ಪ್ರಶ್ನೆ ಎಷ್ಟು ಸರಿ ಇತ್ತು ಅನ್ನುವುದು ನನಗೆ ಆಗ ತಿಳಿಯಿತು.

ಇನ್ನೊಂದು ಕಲಂ ಇದೆ, ತಂದೆಯ ಹೆಸರು. ಕೆಲವು ಕಡೆ ಅದು ಖಾಲಿ. ನಮ್ಮ ಸೀಮೆಯಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ತಾಯಂದಿರ ಮಕ್ಕಳು ಅವರು. 1982ರಲ್ಲಿ ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ ಬಂತು, ಪದ್ಧತಿ ಅಷ್ಟು ಬೇಗ ಹೋಗಲಿಲ್ಲ. ಹೆಸರು ಹಚ್ಚಲು ಬಂದ ಹುಡುಗನಿಗೆ ಎಲ್ಲರ ಎದುರು “ನಿಮ್ಮಪ್ಪನ ಹೆಸರೇನು?” ಅಂತ ಕೇಳಿದಾಗ ಅವನು ತಲೆ ತಗ್ಗಿಸಿದ್ದನ್ನು ನಾನು ಕಂಡಿದ್ದೇನೆ. ನನ್ನ ಮುಂಚಿನ ಒಬ್ಬ ಮಾಸ್ತರರು ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಮಗುವನ್ನು ಹತ್ತಿರ ಕರೆದು, “ನಿನ್ನನ್ನ ಸಾಲಿಗೆ ಕಳಿಸಿದವರು ಯಾರಪ್ಪ?” ಅನ್ನುತ್ತಿದ್ದರು. “ನಮ್ಮವ್ವ ರಿ.” ಅವ್ವನ ಹೆಸರನ್ನೇ ಆ ಕಲಮಿನಲ್ಲಿ ದುಂಡಗೆ ಬರೆಯುತ್ತಿದ್ದರು. ಇಲ್ಲಿ ನೋಡಿ, ಈ ಹಾಳೆ. ಹೆಸರು ನಾನು ಓದುವುದಿಲ್ಲ. ಅಕ್ಷರ ಮಾತ್ರ ನೋಡಿ, ಎಷ್ಟು ನಿಧಾನವಾಗಿ, ಎಷ್ಟು ಗೌರವದಿಂದ ಬರೆದಿದ್ದಾರೆ. ಬಂಡೆಯ ಮೇಲಿನ ‘ಖುದಕ’ ಅನ್ನುವ ಪದ ನನಗೆ ಪೂರ್ತಿ ಅರ್ಥವಾದದ್ದು ಈ ಹಾಳೆಯ ಎದುರು ಕೂತಾಗ.

ಈ ಪುಸ್ತಕದ ಅಂಚು ಉದುರುತ್ತಿದೆ. ಹಳೆಯ ವಿದ್ಯಾರ್ಥಿಗಳು ಏನಾದರೂ ಕೊಡಬೇಕು ಅಂತ ಕೇಳಿದಿರಿ. ಇದರ ಒಂದೊಂದು ಹಾಳೆಯನ್ನೂ ಫೋಟೋ ತೆಗೆಸಿ, ಗೆದ್ದಲು ಹತ್ತದ ಒಂದು ಕಬ್ಬಿಣದ ಕಪಾಟು ಕೊಡಿಸಿ. ಮಕ್ಕಳ ಖಾಸಗಿ ವಿವರ ಇರುವುದರಿಂದ ಅದು ಮುಖ್ಯ ಗುರುಗಳ ಕೈಯಲ್ಲೇ ಇರಲಿ.

ಇನ್ನು ಒಂಬತ್ತನೇ ತರಗತಿಯವರು ಕೇಳಿ. ಬರುವ ಶನಿವಾರ ಬೆಳಗಿನ ಸಾಲಿ. ಗುರುಗಳ ಜೊತೆ ಮಾತಾಡಿದ್ದೇನೆ, ಏಳು ಗಂಟೆಗೆ ಇಲ್ಲಿಂದ ಹೊರಡೋಣ. ನೀರು ತನ್ನಿ, ಒಂದೊಂದು ಪೆನ್ಸಿಲು, ಹಾಳೆ ತನ್ನಿ. ಬಂಡೆಗೆ ಸುತ್ತ ಜಾಲರಿ ಇದೆ, ಕೈ ಹಾಕುವುದು ಬೇಡ, ಸುಣ್ಣ ಬಳಿದು ಅಕ್ಷರ ಎದ್ದು ಕಾಣಿಸುವ ಕೆಲಸವಂತೂ ಬೇಡವೇ ಬೇಡ. ಮೊದಲ ಸಾಲಿನಲ್ಲಿ ಕೂಡಿಸುವ ಚಿಹ್ನೆ ಎಲ್ಲಿದೆ ಹುಡುಕಿ. ಯಾರಿಗೆ ಮೊದಲು ಸಿಗುತ್ತದೋ ಅವರು ಕೂಗಬೇಡಿ, ಬಂದು ನನ್ನ ಕಿವಿಯಲ್ಲಿ ಹೇಳಿ. ಉಳಿದವರೂ ತಾವೇ ಹುಡುಕಲಿ.